ಡಾಬಕಾದ ಕೈ

ಪ್ರಾಣಿಶಾಸ್ತ್ರ ಕಲಿಸುವವರಿಗೆ ಸಂಧಿಪದಿಗಳ ಪಾಠ ಹಬ್ಬದೂಟವಿದ್ದ ಹಾಗೆ. ಚೇಳು, ಏಡಿ, ಮಿಡತೆ, ಜಿರಳೆ, ಜೇಡ, ಎಲ್ಲ ಮಕ್ಕಳು ಮನೆಯಲ್ಲೇ ನೋಡಿದ, ಚಪ್ಪಲಿ ತೆಗೆದುಕೊಂಡು ಹೊಡೆದ ಪ್ರಾಣಿಗಳು. ಮೈಮೇಲೆ ಗಟ್ಟಿ ಕವಚ, ಕಾಲಿಗೆ ಮಡಚುವ ಸಂಧಿಗಳು, ಇಷ್ಟು ಹೇಳಿ ಬೋರ್ಡಿನ ಮೇಲೆ ಒಂದು ಚೇಳು ಬರೆದರೆ ಅರ್ಧ ಪಾಠ ಮುಗಿದಂತೆ. ಬೀದರಿನ ಕಾಲೇಜಿನಲ್ಲಿ ನಿವೃತ್ತಿಯಾಗುವ ತನಕ ನಾನು ಈ ಪಾಠ ಮಾಡಿದೆ. ನಾನು ಬರೆದ ಚೇಳಿನ ಕಾಲುಗಳಲ್ಲಿ ಸಂಧಿಗಳು ಇರಬೇಕಾದ್ದಕ್ಕಿಂತ ದಪ್ಪವಾಗುತ್ತಿದ್ದವು. "ಮೇಡಂ, ಚೇಳಿನ ಕಾಲು ಇಷ್ಟು ಗಂಟು ಗಂಟು ಇರ್ತಾವೇನ್ರಿ?" ಅಂತ ಹಿಂದಿನ ಬೆಂಚಿನವರು ಕೇಳಿದರೆ ಒರೆಸಿ ಮತ್ತೆ ಬರೆಯುತ್ತಿದ್ದೆ, ಮತ್ತೆ ದಪ್ಪವೇ ಆಗುತ್ತಿತ್ತು. ಪುಸ್ತಕದ ಪ್ರಕಾರ ಸಂಧಿ ಅಂದರೆ ಎರಡು ತುಂಡು ಸೇರುವ ಜಾಗ, ಅಷ್ಟೇ. ನಮ್ಮ ಮನೆಯಲ್ಲಿ ಆ ಸೇರುವ ಜಾಗ ಕೆಟ್ಟದ್ದರಿಂದ ನನ್ನ ಅವ್ವ ತನ್ನ ತವರನ್ನೇ ಬಿಟ್ಟುಕೊಡಬೇಕಾಯಿತು. ಅದನ್ನು ಯಾವ ತರಗತಿಯಲ್ಲೂ ಹೇಳಲು ಬರುವುದಿಲ್ಲ, ಪರೀಕ್ಷೆಯಲ್ಲಿ ಕೇಳುವುದೂ ಇಲ್ಲ.

ಸಂಧಿ ಅನ್ನುವ ಮಾತು ನಮ್ಮ ಮನೆಗೆ ಮೊದಲು ಬಂದದ್ದು ವ್ಯಾಕರಣದ ಬಾಗಿಲಿನಿಂದ. ಅಪ್ಪ ಭಾಲ್ಕಿಯಲ್ಲಿ ಕನ್ನಡ ಮಾಸ್ತರ. ನಾವಿದ್ದದ್ದು ಕಲ್ಲುಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಬಾಡಿಗೆ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಹಗಲಿನಲ್ಲೂ ಕತ್ತಲಿರುತ್ತಿದ್ದ ನಡುಮನೆ, ಅದರ ಹಿಂದೆ ಅಡುಗೆಮನೆ, ಎಲ್ಲಕ್ಕಿಂತ ಹಿಂದೆ ಬಾವಿಯಿದ್ದ ಅಂಗಳ. ಪಡಸಾಲೆಯಲ್ಲಿ ಕೆಮ್ಮಿದರೆ ಬಾವಿಯ ಹತ್ತಿರ ಕೇಳಿಸುತ್ತಿತ್ತು, ಹಾಗಾಗಿ ಆ ಮನೆಯಲ್ಲಿ ಗುಟ್ಟು ಅನ್ನುವುದು ಬಾಳುತ್ತಿರಲಿಲ್ಲ. ಸಂಜೆ ಅಪ್ಪ ಏಳನೇ ಇಯತ್ತೆಯ ಹುಡುಗರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ಒಬ್ಬನ ಮನೆಮಾತು ಮರಾಠಿ, ಇನ್ನೊಬ್ಬನದು ಉರ್ದು, ಮತ್ತೊಬ್ಬ ತಾಂಡಾದ ಹುಡುಗ. ಅವರಿಗೆ ಕನ್ನಡವೇ ಅರ್ಧ ಹೊಸತು, ಅದರಲ್ಲಿ ಸಂಧಿ ಬೇರೆ. 'ಊರು', 'ಅಲ್ಲಿ' ಕೂಡಿದರೆ ಒಂದು ಸ್ವರ ಬಿದ್ದುಹೋಗುತ್ತದೆ, 'ಮನೆ', 'ಅನ್ನು' ಕೂಡಿದರೆ ನಡುವೆ ಹೊಸ ಅಕ್ಷರ ಬಂದು ಕೂರುತ್ತದೆ, 'ಮಳೆ', 'ಕಾಲ' ಕೂಡಿದರೆ ಇದ್ದದ್ದೇ ಬದಲಾಗುತ್ತದೆ ಅಂತ ಅಪ್ಪ ಹೇಳುವುದು, ಅವರು ಮಾಳಿಗೆಯ ಮಣ್ಣು ಉದುರುವ ಹಾಗೆ ಕೂಗುವುದು. ಅಪ್ಪನಿಗೆ ಆ ಹೊತ್ತಿನಲ್ಲಿ ಬರುತ್ತಿದ್ದ ಗತ್ತು ಬೇರೆ ಯಾವಾಗಲೂ ಬರುತ್ತಿರಲಿಲ್ಲ. ಹುಡುಗರು ಎದ್ದು ಹೋದರೆ ಮುಗಿಯಿತು, ಮನೆಯ ಯಾವ ವಿಷಯಕ್ಕೂ ಅವನು ಬಾಯಿ ಹಾಕುತ್ತಿರಲಿಲ್ಲ. ಮನೆ ಆಯಿಯದು. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಆ ಗದ್ದಲಕ್ಕೆ ದಿನಾ ಒಂದೇ ಮಾತು ಹೇಳುತ್ತಿದ್ದಳು:

"ಕೂಡಿದ್ದು ಕೂಡಿ ಹೋಯ್ತು. ಅದಕ್ಕ ಇಷ್ಟು ಒದರೋದು ಯಾಕ?"

ಆಯಿ ಅಂದರೆ ಅಪ್ಪನ ತಾಯಿ. ಗಂಡ ತೀರಿಕೊಂಡ ಮೇಲೆ ಮಗನ ನೌಕರಿಯ ಹಿಂದೆ ಭಾಲ್ಕಿಗೆ ಬಂದವಳು. ಹುಟ್ಟಿದ್ದು ಔರಾದ ತಾಲೂಕಿನ ಡಾಬಕಾದಲ್ಲಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ, ಕುರಿ ಸಾಕುತ್ತ ಮಳೆ ನಂಬಿ ಬಿತ್ತುವ ಮನೆತನದಲ್ಲಿ. ಅವ್ವ ಹುಟ್ಟಿದ್ದೂ ಅದೇ ಮನೆಯಲ್ಲಿ. ಅವಳು ಆಯಿಯ ಒಡಹುಟ್ಟಿದ ತಮ್ಮನ ಮಗಳು. ಅಂದರೆ ಆಯಿ ಅವ್ವನಿಗೆ ಮೊದಲು ಸೋದರತ್ತೆ, ಆಮೇಲೆ ಗಂಡನ ತಾಯಿ. ನಮ್ಮವರಲ್ಲಿ ಇದೇನೂ ಹೊಸದಲ್ಲ. ಹಾಲು ಹಾಲಿಗೇ ಸೇರಬೇಕು ಅನ್ನುವುದು ಆಯಿಯ ವೇದವಾಕ್ಯ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಡಾಬಕಾದ ಮುತ್ಯಾ, ಅಂದರೆ ಅವ್ವನ ಅಪ್ಪ, ನನ್ನ ಸೊಂಟಕ್ಕೆ ಬೆಳ್ಳಿ ಉಡದಾರ ಕಟ್ಟಿ "ಇಕಿ ನಮ್ಮ ವಿಠ್ಠಲಗ" ಅಂದನಂತೆ. ಆಯಿ ಎಲ್ಲರ ಮುಂದೆ ಹ್ಞೂಂ ಅಂದಳಂತೆ. ವಿಠ್ಠಲಮಾಮಾ ಅವ್ವನ ಕೊನೆಯ ತಮ್ಮ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಆಗ ಅವನೂ ಪೋರನೇ. ತೊಟ್ಟಿಲ ಮುಂದೆ ಹಂಚಿದ ಗುಗ್ಗರಿ ತಿನ್ನುವುದರಲ್ಲಿ ಮುಳುಗಿದ್ದನಂತೆ.

ಮಾಮಾ ಅಂದರೆ ನನಗೆ ಬಲು ಇಷ್ಟವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಚಳಿಗಾಲದಲ್ಲಿ ಎಳೆಯ ಜೋಳದ ತೆನೆ ಹೊತ್ತು ತಂದು ಅಂಗಳದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಸೀತನಿ ನನ್ನ ಲಂಗದ ಮಡಿಲಿಗೆ ಸುರಿಯುತ್ತಿದ್ದ. ಕುರಿಯ ಹಾಗೆ ಒದರಿ ನಗಿಸುತ್ತಿದ್ದ. ಅವನ ಹತ್ತಿರ ಹೋದರೆ ಕಂಬಳಿಯ ವಾಸನೆ. ಅವನನ್ನು ಮದುವೆಯಾಗುವುದು ನನಗೆ ಮುಂದೊಂದು ದಿನ ಸೀರೆ ಉಡುವ ಹಾಗೆ, ಆಗಿಯೇ ಆಗುವ ಸಂಗತಿಯಾಗಿತ್ತು. ಅದರ ಬಗ್ಗೆ ನನಗೆ ದುಃಖವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಏಳನೇ ಇಯತ್ತೆ ಮುಗಿದ ಮೇಲೆ ಸಾಲೆ ಬಿಟ್ಟು ಡಾಬಕಾಕ್ಕೆ ಹೋಗುವುದು ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ಗೆಳತಿಯರಿಗೆ ಹಾಗೇ ಹೇಳುತ್ತಿದ್ದೆ.

ನಮ್ಮ ಓಣಿಗೆ ಬೆಳಗಾದದ್ದು ಗೊತ್ತಾಗುತ್ತಿದ್ದದ್ದು ರೊಟ್ಟಿ ಬಡಿಯುವ ಸದ್ದಿನಿಂದ. ಯಾವ ಸದ್ದು ಯಾವ ಮನೆಯದು ಅಂತ ಹಾಸಿಗೆಯಲ್ಲಿ ಮಲಗಿಯೇ ಹೇಳಬಹುದಿತ್ತು. ಅವ್ವನದು ಚುರುಕು, ಒಂದೇ ಸಮ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿ, ಪರಾತವೆಂಬ ಅಗಲ ತಟ್ಟೆಯಲ್ಲಿಟ್ಟು ಅಂಗೈಯಿಂದ ಬಡಿದರೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತಿತ್ತು. ಸೊಸೆ ಬಂದ ಮೇಲೆ ಅತ್ತೆ ಪರಾತ ಮುಟ್ಟಬಾರದು ಅನ್ನುವುದು ನಮ್ಮವರ ಪದ್ಧತಿ. ಮುಟ್ಟಿದರೆ ಸೊಸೆಗೆ ಕೈಲಾಗದು ಅಂತ ಊರಿಗೆ ಸಾರಿದ ಹಾಗೆ. ಆಯಿ ಒಲೆಯ ಪಕ್ಕ ಕೂತು, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಬರೀ ಅಪ್ಪಣೆ ಕೊಡುತ್ತಿದ್ದಳು. ಅವಳ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿಕೊಂಡು, ಗೆಣ್ಣುಗಳು ಹಸಿ ಅರಿಶಿಣದ ಕೊಂಬಿನ ಹಾಗೆ ಉಬ್ಬಿದ್ದವು. ಅದನ್ನು ನಮ್ಮಲ್ಲಿ ಯಾರೂ ರೋಗ ಅನ್ನುತ್ತಿರಲಿಲ್ಲ. 'ಡಾಬಕಾದ ಕೈ' ಅನ್ನುತ್ತಿದ್ದರು. ಆಯಿಯ ಸೋದರತ್ತೆಗೂ ಅದೇ ಕೈ ಇತ್ತಂತೆ. ಆ ಮನೆಯ ಹೆಣ್ಣುಮಕ್ಕಳು ಉಣ್ಣೆ ನೂತು, ರೊಟ್ಟಿ ಬಡಿದು, ಕಳೆ ಕಿತ್ತು ಬೆರಳು ಹಾಗಾಗಿವೆ, ಅದು ದುಡಿದವರ ಗುರುತು ಅಂತ ನಂಬಿದ್ದರು. ನೋವಿನ ವಿಷಯದಲ್ಲಿ ಜಂಬ ಪಡುವ ಮಂದಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ನೆಟ್ಟಗಿನ ಬೆರಳಿನ ಮುದುಕಿಯರನ್ನು ಕಂಡರೆ ಆಯಿ ಅವರನ್ನು ಕೂತು ತಿಂದವರು ಅನ್ನುತ್ತಿದ್ದಳು.

ನಾನು ಐದನೇ ಇಯತ್ತೆಯಲ್ಲಿದ್ದಾಗ ಅವ್ವನ ರೊಟ್ಟಿಯ ಸದ್ದು ಕೆಟ್ಟಿತು. ನಾಲ್ಕು ಬಡಿತ, ನಿಲ್ಲುವುದು, ಮತ್ತೆ ಎರಡು ಬಡಿತ. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು:

"ಯಾಕ ತಂಗಿ, ನಿನ್ನ ರೊಟ್ಟಿ ಇತ್ತೀಚಿಗಿ ನಿದ್ದಿಗಣ್ಣಾಗ ಬಡದಂಗ ಕೇಳಸ್ತದಲ್ಲ?"

ಕೈ ಉಳುಕಿದೆ ಅಂತ ಅವ್ವ ಹೇಳಿದಳು. ಉಳುಕು ವಾಸಿಯಾಗಲಿಲ್ಲ. ಬೆಳಗ್ಗೆ ಎದ್ದರೆ ಅವಳ ಬೆರಳುಗಳು ಮಡಚುತ್ತಿರಲಿಲ್ಲ, ಸೂರ್ಯ ಮೇಲೇರಿದ ಮೇಲೆ ಒಂದೊಂದೇ ಮಾತು ಕೇಳುತ್ತಿದ್ದವು. ಅವಳು ಅಂಗೈಯ ಬುಡದಿಂದ ರೊಟ್ಟಿ ಒತ್ತುವುದನ್ನು ಕಲಿತಳು, ಅದರಿಂದ ರೊಟ್ಟಿಯ ಅಂಚು ದಪ್ಪವಾಯಿತು. ಒಂದು ದಿನ ಸಂತೆಯಿಂದ ಲಟ್ಟಣಿಗೆ ತಂದಳು. ಅಂದು ಅಡುಗೆಮನೆಯಲ್ಲಿ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಇದು ಚಪಾತಿ ಮಾಡೋ ಕಟಗಿ. ಜ್ವಾಳದ ರೊಟ್ಟಿಗಿ ಇದನ್ನ ಮುಟ್ಟಸಬ್ಯಾಡ."

"ಕೈ ಬರವಲ್ದು ಅತ್ತಿ."

"ನನ್ನ ಕೈ ಬರ್ತಿತ್ತೇನು? ಹಿಂಗ ಇದ್ದಾಗೇ ನಿನ್ನ ಗಂಡಗ ರೊಟ್ಟಿ ಬಡದು ಹಾಕೀನಿ. ಡಾಬಕಾದ ಕೈ ಅಂದ್ರ ಹಂಗೇ. ತಡಕೋಬೇಕು."

ಹೀಗೆ ಬೈದವಳೇ ಆ ಮಧ್ಯಾಹ್ನ ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ತನ್ನ ಸೊಟ್ಟ ಬೆರಳುಗಳಿಂದ ಅವ್ವನ ಬೆರಳುಗಳಿಗೆ ತಿಕ್ಕಿದಳು. ಆಯಿ ಕೆಟ್ಟವಳೇನಲ್ಲ. ತಾನು ತಡೆದುಕೊಂಡದ್ದನ್ನು ಎಲ್ಲರೂ ತಡೆದುಕೊಳ್ಳಬೇಕು ಅನ್ನುವ ಜಾತಿಯವಳು, ಅಷ್ಟೇ. ಅಂಥವರ ಜೊತೆ ಬಾಳುವುದು ಕೆಟ್ಟವರ ಜೊತೆ ಬಾಳುವುದಕ್ಕಿಂತ ಕಷ್ಟ ಅಂತ ನನಗೆ ಆಮೇಲೆ ಗೊತ್ತಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಅವ್ವನ ಕೈಯಿಂದ ಜಾರಿ, ತಾಮ್ರದ ಕೊಡ ಹಗ್ಗದ ಸಮೇತ ಒಳಗೆ ಹೋಯಿತು. ಓಣಿಯವರಿಂದ ಪಾತಾಳಗರಡಿ ತಂದು, ಆ ಕೊಕ್ಕೆಗಳನ್ನು ಬಾವಿಯಲ್ಲಿ ಆಡಿಸಿ ಆಡಿಸಿ ಕೊಡ ಮೇಲೆತ್ತುವಷ್ಟರಲ್ಲಿ ಅರ್ಧ ಓಣಿ ನಮ್ಮ ಅಂಗಳದಲ್ಲಿತ್ತು. ಕೊಡ ಸಿಕ್ಕಿತು ಅಂತ ಎಲ್ಲರೂ ಖುಷಿಪಟ್ಟರು. ಅವ್ವ ಬಾವಿಕಟ್ಟೆಯ ಮೇಲೆ ಕೂತ ಕಡೆಯಿಂದ ಏಳಲಿಲ್ಲ. ತನ್ನ ಕೈಗಳನ್ನು ತೊಡೆಯ ಮೇಲೆ ಬೇರೆಯವರ ಸಾಮಾನಿನ ಹಾಗೆ ಇಟ್ಟುಕೊಂಡಿದ್ದಳು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ, ಯಾರ ಮುಖವನ್ನೂ ನೋಡದೆ, ನಾಳೆ ಬೀದರಿಗೆ ದವಾಖಾನೆಗೆ ಹೋಗೋಣ ಅಂದ. ಆಯಿ ತಾನೂ ಬರುತ್ತೇನೆ ಅಂದಳು. ಸೊಸೆಗೆ ಏನಾಗಿದೆ ಅಂತ ಡಾಕ್ಟರಿಗೆ ಹೇಳುವವರು ಬೇಡವೇ ಅನ್ನುವುದು ಅವಳ ವಾದ. ನೀರಿನ ತಂಬಿಗೆ, ರೊಟ್ಟಿಯ ಗಂಟು ಹಿಡಿಯಲು ನಾನೂ ಹೊರಟೆ.

ಬೀದರಿನ ಸರ್ಕಾರಿ ದವಾಖಾನೆಯಲ್ಲಿ ಬಹಳ ಹೊತ್ತು ಕಾದ ಮೇಲೆ ನಮ್ಮ ಸರದಿ ಬಂತು. ಡಾಕ್ಟರು ನಡುವಯಸ್ಸಿನವರು, ಸಣ್ಣ ದನಿಯವರು. ಆಯಿಗೆ ಮಂಡಿ ನೋಯುತ್ತಿದ್ದರಿಂದ ಹೊರಗೆ ಬಾಂಕಿನ ಮೇಲೆ ಕೂತಳು, ನಾವು ಮೂವರು ಒಳಗೆ ಹೋದೆವು. ಡಾಕ್ಟರು ಅವ್ವನ ಕೈಗಳನ್ನು ಮೇಜಿನ ಮೇಲೆ ಇಡಿಸಿ, ಒಂದೊಂದು ಗೆಣ್ಣನ್ನೂ ಮೆಲ್ಲಗೆ ಒತ್ತಿ ನೋಡಿದರು.

"ನಿಮ್ಮ ತವರಮನ್ಯಾಗ ಮತ್ತ ಯಾರಿಗರೆ ಹಿಂಗ ಅದ ಏನಮ್ಮ?"

"ನಮ್ಮಪ್ಪನ ಅಕ್ಕಗ ಅದರಿ."

"ಅವರು ಎಲ್ಲಿರ್ತಾರ?"

"ಹೊರಗ ಬಾಂಕಿನ ಮ್ಯಾಲ ಕುಂತಾರರಿ."

"ನಿಮ್ಮ ಸಂಗಟ ಬಂದಾರ?"

"ನಮ್ಮ ಅತ್ತಿನೇರಿ ಅವರು. ಇವರನ್ನ ಹಡದಾಕಿ," ಅಂತ ಅವ್ವ ಗಲ್ಲದಿಂದ ಅಪ್ಪನ ಕಡೆ ತೋರಿಸಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಯಿಯನ್ನು ಒಳಗೆ ಕರೆಸಿದರು. ಅವಳು ಮೊದಲು ಕೈ ತೋರಿಸಲು ಒಪ್ಪಲಿಲ್ಲ, ನನಗೇನಾಗಿದೆ ಅಂತ ತಿರುಗಿ ಕೇಳಿದಳು. ಆಮೇಲೆ ಸೆರಗಿನಿಂದ ತೆಗೆದು ಅವ್ವನ ಕೈಗಳ ಪಕ್ಕ ಇಟ್ಟಳು. ನಾಲ್ಕು ಕೈಗಳನ್ನೂ ಒಟ್ಟಿಗೆ ನಾನು ನೋಡಿದ್ದು ಅದೇ ಮೊದಲು. ಒಂದು ಜೋಡಿ ಹಳೆಯದು, ಒಂದು ಜೋಡಿ ಅದೇ ದಾರಿಯಲ್ಲಿ ಅರ್ಧ ನಡೆದದ್ದು. ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಇದಕ್ಕೆ ಸಂಧಿವಾತ ಅನ್ನುತ್ತಾರೆ, ಇದು ದುಡಿದದ್ದರಿಂದ ಬರುವುದಲ್ಲ, ಮೈಯೊಳಗಿನಿಂದಲೇ ಬರುವುದು, ಗುಳಿಗೆಯಿಂದ ನೋವು ಕಡಿಮೆಯಾಗುತ್ತದೆ, ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ ಅಂತ ಡಾಕ್ಟರು ಹೇಳಿದರು. ಆಮೇಲೆ ನನ್ನನ್ನು ನೋಡಿ ಇವಳು ಯಾರು ಅಂತ ಕೇಳಿದರು. ಆಯಿಗೆ ಮಾತಾಡಲು ಜಾಗ ಸಿಕ್ಕಿತು.

"ಮೊಮ್ಮಗಳ್ರಿ. ಇಕಿನ್ನ ನನ್ನ ತಮ್ಮನ ಮಗಗೇ ಕೊಡೋದದ. ಸಾಲಿ ಮುಗಿಲಿ ಅಂತ ತಡದೀವಿ."

"ಅಂದ್ರ ಇವರ ಖಾಸಾ ತಮ್ಮಗ?"

"ಹೌದರಿ."

"ನೋಡಮ್ಮ, ಈ ಹುಡುಗಿಗಿ ಬರ್ತದಂತ ನಾ ಹೇಳಂಗಿಲ್ಲ. ಬರಂಗಿಲ್ಲಂತನೂ ಹೇಳಂಗಿಲ್ಲ. ಆದ್ರ ಅದೇ ಮನಿಗಿ ಎಷ್ಟು ಸಲ ಕೊಟ್ಟು ತಗೋತೀರಿ?"

ವಾಪಸು ಬರುವ ಬಸ್ಸಿನಲ್ಲಿ ಆಯಿ ಕಿಟಕಿಗೆ ಮುಖ ಮಾಡಿ ಕೂತಳು. ಅಪ್ಪನಿಗೆ ಮಾತ್ರ ಸಂಧಿವಾತ ಅನ್ನುವ ಹೆಸರು ಕೇಳಿ ಹುರುಪು ಬಂದಿತ್ತು. ಸಂಧಿ ಅಂದರೆ ನಮ್ಮ ವ್ಯಾಕರಣದ್ದೇ ಮಾತು, ಕೂಡುವ ಜಾಗ, ಅಂತ ನನಗೆ ವಿವರಿಸತೊಡಗಿದ. ಅವ್ವ ಗುಳಿಗೆಯ ಪೊಟ್ಟಣವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡಿದ್ದಳು. ತಲೆ ಎತ್ತದೆ ಹೇಳಿದಳು:

"ನಿಮ್ಮ ಸಂಧಿ ಪಾಟಿ ಮ್ಯಾಲ ಬರದದ್ದು. ವರಸಿದ್ರ ಹೋಗ್ತದ. ನಂದು ಹೋಗಂಗಿಲ್ಲ."

ಆಯಿಗೆ ಡಾಕ್ಟರ ಆ ಪ್ರಶ್ನೆಗಿಂತ ದೊಡ್ಡ ಅವಮಾನವಾದದ್ದು ಅವರ ಇನ್ನೊಂದು ಮಾತಿನಿಂದ. ದುಡಿದದ್ದರಿಂದ ಬಂದದ್ದಲ್ಲ ಅಂದರೆ ಏನರ್ಥ, ಇಷ್ಟು ವರ್ಷ ನೂತದ್ದು ಬಡಿದದ್ದು ಸುಳ್ಳೇ, ಅಂತ ಅವಳು ಮನೆಗೆ ಬಂದ ಮೇಲೆ ಗೋಡೆಗೆ ಕೇಳಿದಳು. ಅದನ್ನು ಕೇಳಿ ಅಂದು ನಗು ಬಂದಿತ್ತು. ಈಗ ಬರುವುದಿಲ್ಲ.

ಅವ್ವ ಮಾತ್ರ ಡಾಕ್ಟರು ಹೇಳಿದ ಅರ್ಧ ಮಾತನ್ನು ಇಡಿಯಾಗಿ ನಂಬಿದಳು. ಇಷ್ಟು ವರ್ಷ ಜೀವಶಾಸ್ತ್ರ ಓದಿ, ಓದಿಸಿದ ಮೇಲೆ ನಾನು ಹೇಳಬಹುದು: ವಂಶದಿಂದ ಬರುವುದು ಅವ್ವ ತಿಳಿದಷ್ಟು ನೆಟ್ಟ ದಾರಿಯಲ್ಲಿ ಬರುವುದಿಲ್ಲ. ಬಳಗದಲ್ಲಿ ಕೊಡದೇ ಇದ್ದರೂ ಬರಬಹುದು, ಕೊಟ್ಟರೂ ಬರದೇ ಇರಬಹುದು. ನನ್ನ ಎಡಗೈಯ ಉಂಗುರಬೆರಳು ಈಗ ಬೆಳಗಿನ ಹೊತ್ತು ಬಿರುಸಾಗುತ್ತದೆ. ವಯಸ್ಸಾಯಿತು ಅಂತ ಡಾಕ್ಟರು ಅನ್ನುತ್ತಾರೆ, ನಾನೂ ಒಪ್ಪಿಕೊಂಡಿದ್ದೇನೆ. ಆದರೆ ಅವ್ವನಿಗೆ ಅಂದು ಈ ಬಹುದುಗಳೆಲ್ಲ ಬೇಕಿರಲಿಲ್ಲ. ರಾತ್ರಿ ನಾನು ಮಲಗಿದ ಮೇಲೆ ನನ್ನ ಬೆರಳುಗಳನ್ನು ಮುಟ್ಟಿ ನೋಡುತ್ತಿದ್ದಳು, ಎಚ್ಚರವಿದ್ದರೂ ನಾನು ಸುಮ್ಮನಿರುತ್ತಿದ್ದೆ. ಒಂದು ಸಲ ಆಯಿಗೆ ನೇರವಾಗಿಯೇ ಹೇಳಿದಳು, ಇವಳನ್ನು ಅಲ್ಲಿಗೆ ಕೊಡುವುದು ಬೇಡ ಅಂತ. ತೊಟ್ಟಿಲಲ್ಲಿ ಕೊಟ್ಟ ಮಾತು, ತಮ್ಮನ ಮುಂದೆ ನಾನು ತಲೆ ತಗ್ಗಿಸಲೇ, ಅಂತ ಆಯಿ ಎದ್ದು ಹೋದಳು. ಅವ್ವ ಅಪ್ಪನಿಗೂ ಹೇಳಿದಳು. "ನಮ್ಮವ್ವಗ ಯಾರ ಹೇಳಬೇಕು?" ಅಂತ ಅವನು ಕೈ ಚೆಲ್ಲಿದ.

ನಾನು ಏಳನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಡಾಬಕಾದವರು ಸಕ್ಕರೆ ತಂದರು. ನಮ್ಮ ಬಳಗದಲ್ಲಿ ಮಾತು ಗಟ್ಟಿಯಾಗುವುದು ಮುಷ್ಟಿ ಸಕ್ಕರೆಯಿಂದ. ಗಂಡಿನ ತಂದೆ ಹೆಣ್ಣಿನ ತಾಯಿಯ ಬಲಗೈಗೆ ಸಕ್ಕರೆ ಸುರಿಯುತ್ತಾನೆ. ಅವಳು ಮುಷ್ಟಿ ಕಟ್ಟುತ್ತಾಳೆ. ಹಿರಿಯರು "ಕಟ್ಟಿತು" ಅನ್ನುತ್ತಾರೆ. ಆಮೇಲೆ ಅವಳು ಮುಷ್ಟಿ ಬಿಚ್ಚಿ ಗಂಡಿನ ಬಾಯಿಗೆ ಹಾಕುತ್ತಾಳೆ. ಅಷ್ಟಾದ ಮೇಲೆ ಮಾತು ಮುರಿದರೆ ಮದುವೆ ಮುರಿದಂತೆಯೇ ಲೆಕ್ಕ. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಮುತ್ಯಾ, ಮಾಮಾ, ಅವರ ಊರಿನ ಇಬ್ಬರು ಹಿರಿಯರು, ಈ ಕಡೆ ಅಪ್ಪ. ಆಯಿ ನಡುವೆ, ಹೊಸ ಇಳಕಲ್ಲ ಸೀರೆಯಲ್ಲಿ. ನನಗೆ ಕುಬಸದ ಕಣ, ತೆಂಗಿನಕಾಯಿ ಮಡಿಲಿಗೆ ಹಾಕಿ ಮೂಲೆಯಲ್ಲಿ ಕೂರಿಸಿದ್ದರು. ಮಾಮಾ ತಲೆಗೆ ಎಣ್ಣೆ ಜಾಸ್ತಿ ಹಾಕಿಕೊಂಡು ಬಂದಿದ್ದ, ನನ್ನ ಕಡೆ ನೋಡಲು ಅವನಿಗೂ ನಾಚಿಕೆ. ಅವ್ವನನ್ನು ಕರೆದರು. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ತನ್ನ ಅಪ್ಪನ ಮುಂದೆ ಕೂತು ಬಲಗೈ ಚಾಚಿದಳು. ಮುತ್ಯಾ ಸಕ್ಕರೆ ಸುರಿದ. ಅವ್ವ ಕೈ ಹಾಗೇ ಹಿಡಿದುಕೊಂಡು ಕೂತಳು. ಅವಳ ಬೆರಳುಗಳು ಪೂರ್ತಿ ಮಡಚುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಸ್ವಲ್ಪ ಹೊತ್ತು ಎಲ್ಲರೂ ಮರ್ಯಾದೆಯಿಂದ ಕಾದರು. ಆಮೇಲೆ ಆಯಿ ಮೆಲ್ಲಗೆ ಹೇಳಿಕೊಟ್ಟಳು:

"ಮ್ಯಾಲ ಎಡಗೈ ಮುಚ್ಚು. ನಡೀತದ."

ಅವ್ವ ಎಡಗೈ ಎತ್ತಲಿಲ್ಲ. ಸಕ್ಕರೆಯನ್ನೇ ನೋಡುತ್ತ ಮಾತಾಡಿದಳು. ಅವಳು ಅಷ್ಟು ಗಂಡಸರ ಮುಂದೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಇದು ಮುಚ್ಚಂಗಿಲ್ಲ ಅಪ್ಪಾ. ಅತ್ತಿ ಕೈ ಮುಚ್ಚಂಗಿಲ್ಲ, ನನ್ನ ಕೈ ಮುಚ್ಚಂಗಿಲ್ಲ. ನನ್ನ ಮಗಳ ಕೈಯರೆ ಮುಚ್ಚಲಿ. ಇಕಿನ್ನ ಆ ಮನಿಗಿ ನಾ ಕೊಡಂಗಿಲ್ಲ."

"ಏ, ಮಾತು ಕೊಟ್ಟೀನಿ ನಾ!" ಅಂತ ಆಯಿ ಮೊಣಕಾಲ ಮೇಲೆ ಎದ್ದಳು.

"ನೀ ಕೊಟ್ಟಿ ಅತ್ತಿ. ನಾ ಕೊಟ್ಟಿಲ್ಲ."

ಮುತ್ಯಾ ಅಪ್ಪನ ಕಡೆ ತಿರುಗಿದ. "ಮಾಸ್ತರ, ನೀವೇನ್ ಅಂತೀರಿ?" ಅಪ್ಪನ ಹಣೆಯ ಮೇಲೆ ಬೆವರು ನನಗೆ ಮೂಲೆಯಿಂದಲೂ ಕಾಣುತ್ತಿತ್ತು. ಅವನು ಒಮ್ಮೆ ತನ್ನ ತಾಯಿಯನ್ನು ನೋಡಿದ, ಒಮ್ಮೆ ಆ ತೆರೆದ ಅಂಗೈಯನ್ನು ನೋಡಿದ.

"ಅಕಿ ಹೇಳಿದ್ದು ಕೇಳಸ್ತಲ್ಲ ಮಾವಾ," ಅಂದ.

ತನ್ನ ಜೀವಮಾನದಲ್ಲಿ ಅಪ್ಪ ಮನೆಯೊಳಗೆ ಆಡಿದ ಅತಿ ದೊಡ್ಡ ಮಾತು ಅದೇ. ಅವ್ವ ಕೈ ಓರೆ ಮಾಡಿ ಸಕ್ಕರೆಯನ್ನು ತಟ್ಟೆಗೆ ಇಳಿಸಿದಳು. ಹಿರಿಯರಿಬ್ಬರೂ ಚಹಾ ಮುಟ್ಟದೆ ಎದ್ದರು. ಮುತ್ಯಾ ತಲೆಯ ಪಟಗ ಸರಿಮಾಡಿಕೊಂಡು ಹೊಸ್ತಿಲು ದಾಟಿ, ಅಲ್ಲಿಂದಲೇ, ತಿರುಗಿ ನೋಡದೆ, ಇನ್ನು ನಿನಗೆ ಡಾಬಕಾ ಇಲ್ಲ ಅಂದ. ಮಾಮಾ ಹಿಂದೆ ಉಳಿದು ಚಪ್ಪಲಿ ಹಾಕಿಕೊಳ್ಳುತ್ತ ನಿಂತ. ಅವನ ಬಾಯಿಂದ ಬಂದ ಮಾತು ಒಂದೇ:

"ಅಕ್ಕಾ, ನಾ ಏನ್ ತಪ್ಪ ಮಾಡೀನಿ?"

ಅಲ್ಲಿಯ ತನಕ ಗಟ್ಟಿಯಿದ್ದ ಅವ್ವ ಆಗ ಅತ್ತಳು. "ನಿಂದೇನೂ ಇಲ್ಲೋ ತಮ್ಮಾ, ನಿಂದೇನೂ ಇಲ್ಲ," ಅಂತ ಅದನ್ನೇ ಹೇಳುತ್ತ, ಮಡಚದ ಕೈಯಿಂದ ಅವನ ಬೆನ್ನು ಸವರಿದಳು. ನನಗೂ ಅಳು ಬಂತು. ನನ್ನ ಮದುವೆ ತಪ್ಪಿತು ಅಂತಲ್ಲ, ಮಾಮಾ ಅಷ್ಟು ಸಣ್ಣವನಾಗಿ ಕಂಡ ಅಂತ. ಮುಂದಿನ ವಾರ ಅಪ್ಪ ನನ್ನನ್ನು ಎಂಟನೇ ಇಯತ್ತೆಗೆ ಸೇರಿಸಿ ಬಂದ. ನಾನು ಓದಿದವಳಾದದ್ದು ಆ ಮುಚ್ಚದ ಅಂಗೈಯಿಂದ. ನನ್ನ ಬುದ್ಧಿಗೆ, ನನ್ನ ನೌಕರಿಗೆ ಬೇರೆ ಯಾವ ದೊಡ್ಡ ಕಾರಣವನ್ನೂ ನಾನು ಹೇಳಲಾರೆ.

ಮಾತು ಉಳಿಸಿಕೊಂಡವರು ಡಾಬಕಾದವರು. ಆ ವರ್ಷ ಪಂಚಮಿಗೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣತಮ್ಮಂದಿರು ಬಂದು ಕರೆದುಕೊಂಡು ಹೋದರು, ನಮ್ಮ ಮನೆಗೆ ಯಾರೂ ಬರಲಿಲ್ಲ. ಅವ್ವ ಉಂಡಿ ಕಟ್ಟಲು ಹೋದಳು, ಉಂಡಿ ಕಟ್ಟಲು ಕೈ ಬರಲಿಲ್ಲ, ನಾನು ಕಟ್ಟಿದೆ. ರೊಟ್ಟಿಯೂ ಅಷ್ಟರಲ್ಲಿ ನನ್ನ ಪಾಲಿಗೆ ಬಂದಿತ್ತು. ಆಯಿ ಅವ್ವನ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಿದ್ದರೆ ನನಗೆ ಹೇಳುವಳು, ಅವ್ವ ಎದುರಿಗೇ ಕೂತಿದ್ದರೂ. ಅವ್ವನೂ ಮಾತಾಡಿಸಲು ಹೋಗಲಿಲ್ಲ. ಒಂದೇ ಒಲೆಯ ಎರಡು ಬದಿಗೆ, ಒಂದೇ ಮನೆಯಿಂದ ಬಂದ ಇಬ್ಬರು ಹೆಂಗಸರು ಒಂದು ಮಾತಿಲ್ಲದೆ ಕೂತಿರುವ ಮನೆಯಲ್ಲಿ ಓದುವುದು ಸುಲಭವಲ್ಲ. ನಾನು ಜೋರಾಗಿ ಓದುತ್ತಿದ್ದೆ, ಸದ್ದಿರಲಿ ಅಂತ.

ಚಳಿಗಾಲ ಬಂತು. ಬೀದರ ಸೀಮೆಯ ಚಳಿ ಒಣ ಚಳಿ, ಕೀಲಿದ್ದಲ್ಲೆಲ್ಲ ಹಿಡಿಯುತ್ತದೆ. ಬೆಳಗ್ಗೆ ಅವ್ವ ಅಂಗಳದ ಒಲೆಯಲ್ಲಿ ನೀರು ಕಾಯಿಸಿ, ಅಗಲ ಬೋಗುಣಿಗೆ ಸುರಿದು, ಹರಳುಪ್ಪು ಹಾಕಿ ಅದರಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಡಾಕ್ಟರು ಹೇಳಿದ್ದರಲ್ಲಿ ಅವಳಿಗೆ ಬಹಳ ಹಿಡಿಸಿದ್ದು ಅದೇ. ಆಯಿ ದೂರದಲ್ಲಿ ಕೂತಿದ್ದು, ಅವ್ವ ಎದ್ದು ಹೋದ ಮೇಲೆ ಬಂದು, ಆರಿದ ನೀರಿನಲ್ಲಿ ತನ್ನ ಕೈ ಇಡುತ್ತಿದ್ದಳು. ಅದನ್ನು ನೋಡಿ ಅವ್ವ ಏಳುವ ಮೊದಲು ಇನ್ನೊಂದು ಚೆಂಬು ಬಿಸಿನೀರು ಸುರಿದು ಏಳಲು ಶುರು ಮಾಡಿದಳು. ಒಂದು ದಿನ ಆಯಿ ಕಾಯಲಿಲ್ಲ. ಬಂದು ಎದುರಿಗೆ ಕೂತು, ಅವ್ವನ ಕೈಗಳಿದ್ದ ಬೋಗುಣಿಗೇ ತನ್ನ ಕೈಗಳನ್ನು ಇಳಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆಮೇಲೆ ದಿನಾ ಹಾಗೇ ನಡೆಯಿತು, ಮಾತಿಲ್ಲದೆ.

ಎಳ್ಳಮಾಸೆ ಕಳೆದ ಮೇಲೆ ವಿಠ್ಠಲಮಾಮಾನಿಗೆ ಎಕಂಬಾದಲ್ಲಿ ಹೆಣ್ಣು ನೋಡಲು ಹೋಗುವುದಿದೆ, ಬಾ ಅಂತ ಆಯಿಗೆ ಕರೆ ಬಂತು. ಅವ್ವನಿಗೆ ಕರೆಯಿರಲಿಲ್ಲ. ಆಯಿ ಇಳಕಲ್ಲ ಸೀರೆ ಉಟ್ಟು ಹೋದಳು. ಎರಡು ದಿನ ಬಿಟ್ಟು ಸಂಜೆಯ ಬಸ್ಸಿಗೆ ಬಂದು, ಅಪ್ಪನ ಮುಂದೆ ರಸ್ತೆ ಎಷ್ಟು ಕೆಟ್ಟಿದೆ ಅನ್ನುವುದನ್ನಷ್ಟೇ ಹೇಳಿ ಮಲಗಿದಳು. ಅವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮರುದಿನ ಬೆಳಗ್ಗೆ ಇಬ್ಬರೂ ಬೋಗುಣಿಯ ಮುಂದೆ ಕೂತರು. ನಾನು ಒಲೆಗೆ ತೊಗರಿಕಟ್ಟಿಗೆ ತುರುಕುತ್ತಿದ್ದೆ. ಅವ್ವ ನೀರಿಗೇ ಕೇಳಿದ ಹಾಗೆ ಕೇಳಿದಳು:

"ಹುಡುಗಿ ಹ್ಯಾಂಗ ಅದಾಳ ಅತ್ತಿ?"

ಆಯಿ ಈ ಸಲ ನನ್ನ ಕಡೆ ತಿರುಗದೆ ಅವ್ವನಿಗೇ ಹೇಳಿದಳು:

"ಬಳಗದಾಕಿ ಅಲ್ಲ. ಮಾತು ಜಾಸ್ತಿ. ಅಡಗಿ ಅಷ್ಟಕ್ಕಷ್ಟೇ ಅಂತ ಅವರವ್ವನೇ ಹೇಳಿದ್ಳು."

"ಮತ್ತ?"

ಆಯಿ ನೀರಿನೊಳಗೆ ತನ್ನ ಕೈಗಳನ್ನು ಒಮ್ಮೆ ತಿರುಗಿಸಿದಳು.

"ಎಲ್ಲಾರೂ ಮಾರಿ ನೋಡಿದ್ರು. ನಾ ಕೈ ಹಿಡದು, ಒಂದೊಂದು ಬೆರಳು ಮಡಚಿ ನೋಡಿ ಬಂದೀನಿ. ಮುಚ್ಚತಾವ."